ನಲ್ವತ್ತನೆಯ ದಿನದ ನೀರು

ಹಂಡೆಯಲ್ಲಿ ತೇಲಿಬಿಟ್ಟಿದ್ದ ಚೆಂಬನ್ನು ಎತ್ತಲು ಹಲೀಮತ್ ಕೈ ಹಾಕಿದರೆ ಅದು ಅಲುಗಲಿಲ್ಲ. ಎರಡು ಕೈಯಲ್ಲಿ ಹಿಡಿದು ಎಳೆದಳು. ಆಗಲೂ ಇಲ್ಲ. ಬಗ್ಗಿ ನೋಡಿದಾಗ ಗೊತ್ತಾಯಿತು: ನೀರು ಕಲ್ಲಾಗಿದೆ. ಮಗಳ ಬಾಣಂತಿ ಸ್ನಾನಕ್ಕೆಂದು ಊರಿನಿಂದ ತಂದು ಸಂಜೆ ನೆನೆಹಾಕಿದ್ದ ನೆಕ್ಕಿ ಸೊಪ್ಪು, ಹುಣಸೆ ಎಲೆ ಎಲ್ಲ ಆ ಕಲ್ಲಿನೊಳಗೆ ಸಿಕ್ಕಿಕೊಂಡು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಹಾಗೆ ಕಾಣುತ್ತಿವೆ. ನಲ್ಲಿ ತಿರುಗಿಸಿದಳು. ಅದು ಒಂದು ಸಲ ಕೆಮ್ಮಿತು, ಅಷ್ಟೆ. ಗೀಸರಿಗೆ ಹೋಗುವ ಪೈಪಿಗೂ ಅದೇ ಗತಿ.

ಅವಳ ಬಾಯಿಗೆ ಬೈಗುಳ ಬಂತು. ಬೆಳಿಗ್ಗೆ ಬೆಳಿಗ್ಗೆ ಯಾರನ್ನು ಬೈಯುವುದೆಂದು ತಿಳಿಯದೆ ನುಂಗಿಕೊಂಡಳು.

ಸೌದಿಯ ಉತ್ತರದ ತುದಿಯಲ್ಲಿ, ತುರೈಫ್ ಪೇಟೆಯಿಂದ ಜೋರ್ಡಾನ್ ಗಡಿಯ ಗುಂಟ ಎಂಬತ್ತು ಕಿಲೋಮೀಟರ್ ದೂರದಲ್ಲಿ, ಹದಿನೈದು ಮನೆ, ಒಂದು ಮಸೀದಿ, ಒಂದು ಪೆಟ್ರೋಲ್ ಪಂಪು ಇರುವ ಹಳ್ಳಿ ಅದು. ಪಂಪಿನ ಪಕ್ಕದಲ್ಲಿ ಅಳಿಯ ಶಹೀರನ ಪಂಕ್ಚರ್ ಅಂಗಡಿ. ಅಲ್ಲಿಯವರು ಅದನ್ನು ಬನ್ಶರ್ ಎನ್ನುತ್ತಾರೆ. ಅಂಗಡಿಯ ಹಿಂದೆ ಎರಡು ಕೋಣೆಯ ಮನೆ, ಅಂಗಳದ ಆಚೆ ಬಚ್ಚಲು. ಸೌದಿ ಎಂದರೆ ಸುಡುವ ಬಿಸಿಲು ಎಂದುಕೊಂಡು ಹಲೀಮತ್ ಊರಿನಿಂದ ಹತ್ತಿಯ ಮ್ಯಾಕ್ಸಿಗಳನ್ನೇ ತುಂಬಿಕೊಂಡು ಬಂದಿದ್ದಳು. ಈಗ ಒಂದರ ಮೇಲೊಂದು ಮೂರು ಮ್ಯಾಕ್ಸಿ, ಅದರ ಮೇಲೆ ಅಳಿಯನ ಹಳೆಯ ಜಾಕೆಟ್ ಹಾಕಿಕೊಂಡು ತಿರುಗುತ್ತಿದ್ದಳು.

ಊರಲ್ಲಿ, ಮುಡಿಪು ಪೇಟೆಯ ಸುತ್ತಮುತ್ತ, ಬಾಣಂತಿಯರನ್ನು ಮೀಯಿಸುವುದರಲ್ಲಿ ಅವಳ ಕೈಗೆ ಹೆಸರಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟು ಮನೆಯ ಹೆಣ್ಣುಮಕ್ಕಳ ಸೊಂಟಕ್ಕೆ ಬಿಸಿನೀರು ಬಡಿದಿದ್ದಾಳೋ ಅವಳಿಗೇ ನೆನಪಿಲ್ಲ. ಸ್ವಂತ ಮಗಳು ಮಿಸ್ರಿಯಾಳ ಚೊಚ್ಚಲ ಹೆರಿಗೆ ಮಾತ್ರ ಊರಿನಲ್ಲಿ ಆಗಲಿಲ್ಲ. ಡಾಕ್ಟರು ವಿಮಾನ ಬೇಡ ಎಂದರು. ಹಾಗಾಗಿ ತಾಯಿಯೇ ವಿಸಿಟ್ ವೀಸಾದಲ್ಲಿ ಇಲ್ಲಿಗೆ ಬಂದಳು. ಹೆರಿಗೆಯಾಗಿ ಇಂದಿಗೆ ನಲ್ವತ್ತು ದಿನ. ತಲೆಯಿಂದ ಕಾಲಿನವರೆಗೆ ನೀರು ಹರಿದು, ಶುದ್ಧವಾಗಿ, ಹುಡುಗಿ ಮತ್ತೆ ನಮಾಝಿಗೆ ನಿಲ್ಲಬೇಕಾದ ದಿನ. ನಾಳೆ ಬೆಳಿಗ್ಗೆ ಹಲೀಮತಳ ವಿಮಾನ, ವೀಸಾ ಮುಗಿಯಿತು. ಇವತ್ತು ಮೀಯಿಸದಿದ್ದರೆ ಊರಿನ ಎಲ್ಲರ ಮಕ್ಕಳಿಗೆ ಮಾಡಿದ್ದನ್ನು ತನ್ನ ಮಗಳಿಗೆ ಪೂರ್ತಿ ಮಾಡದೆ ಹೋದ ಹಾಗೆ. ಮೂರು ದಿನದಿಂದ ಚಳಿ ಏರಿ, ಬಚ್ಚಲಿಗೆ ಹೋಗಲು ಮಿಸ್ರಿಯಾ ಒಪ್ಪದೆ, ಒದ್ದೆ ಬಟ್ಟೆಯಲ್ಲಿ ಒರೆಸಿದ್ದೇ ಆಗಿತ್ತು. ಒರೆಸುವುದು ಮೀಯಿಸಿದ ಹಾಗಾಗುತ್ತದೆಯೇ?

ಅಡುಗೆಮನೆಯಲ್ಲಿ ಕುಡಿಯುವ ನೀರಿನ ಕ್ಯಾನಿತ್ತು. ಅದರ ಅರ್ಧವನ್ನು ಕುದಿಸಿ ತಂದು ನಲ್ಲಿಯ ಮೇಲೆ ಸುರಿದಳು. ನಲ್ಲಿ ಹಬೆಯಾಡಿತು, ಒಳಗಿನ ಗಡ್ಡೆ ಕರಗಲಿಲ್ಲ. ಸುರಿದ ನೀರು ನೆಲದಲ್ಲಿ ಹರಡಿ, ಅವಳು ನೋಡುನೋಡುತ್ತಿದ್ದಂತೆ ಬಿಳಿಯ ಪೊರೆ ಕಟ್ಟಿಕೊಂಡಿತು. ಅದರ ಮೇಲೆ ಕಾಲಿಟ್ಟು ಜಾರಿ, ಬಾಗಿಲು ಹಿಡಿದು ನಿಂತಳು. ಕುಡಿಯುವ ನೀರೂ ಹಾಳು, ಕೆಲಸವೂ ಇಲ್ಲ.

ಶಬ್ದ ಕೇಳಿ ಶಹೀರ್ ಬಂದ. ನಲ್ಲಿ ತಿರುಗಿಸಿ ನೋಡಿ ತಲೆ ಕೆರೆದುಕೊಂಡ.

"ಇದೆಂತ ಮಾಮಿ, ನಾನು ರಾತ್ರಿ ತೊಟ್ಟಿಕ್ಕಲಿಕ್ಕೆ ಬಿಟ್ಟಿದ್ದೆ. ನೀರು ಹನಿಹನಿ ಓಡ್ತಾ ಇದ್ರೆ ಪೈಪು ಕಟ್ಟುದಿಲ್ಲ." ಮನೆಯ ಕಡೆ ತಿರುಗಿ ಕೂಗಿದ. "ಮಿಸ್ರಿಯಾ, ನಲ್ಲಿ ಬಂದ್ ಮಾಡಿದ್ದಾ ನೀನು? ಎಷ್ಟು ಸಲ ಹೇಳಿದ್ದೇನೆ ಮಾರಾಯ್ತಿ."

"ನಾನು ಹಾಸಿಗೆ ಬಿಟ್ಟು ಎದ್ದದ್ದೇ ಈಗ," ಒಳಗಿನಿಂದ ಉತ್ತರ ಬಂತು.

ಹಲೀಮತ್ ಹಂಡೆಯ ಕಡೆ ನೋಡುತ್ತ ನಿಂತಳು. ಪಂಚಾಯಿತಿ ನೀರು ಎರಡು ದಿನಕ್ಕೊಮ್ಮೆ ಬರುವ ಊರಿನವಳು ಅವಳು. ತೊಟ್ಟಿಕ್ಕುವ ನಲ್ಲಿಯನ್ನು ಕಂಡರೆ ಅವಳ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ನಿನ್ನೆ ಮಲಗುವ ಮೊದಲು ಹೋಗಿ ಗಟ್ಟಿಯಾಗಿ ತಿರುಗಿಸಿ, ಈ ಹುಡುಗರಿಗೆ ನೀರಿನ ಬೆಲೆ ಗೊತ್ತಿಲ್ಲ ಎಂದುಕೊಂಡು ನೆಮ್ಮದಿಯಿಂದ ಮಲಗಿದ್ದಳು.

"ಅವಳಿಗೆ ಬೈಬೇಡ," ಎಂದಳು. "ನಾನು ಬಂದ್ ಮಾಡಿದ್ದು."

"ಯಾಕೆ ಮಾಮಿ?"

"ನೀರು ಸುಮ್ಮನೆ ಹೋಗ್ತಾ ಇತ್ತಲ್ಲ. ಯಾಕೆ ಬಿಟ್ಟದ್ದು ಅಂತ ನೀನು ಹೇಳಿದ್ದಾ ನಂಗೆ?"

"ಹೇಳಿದ್ದು ಮಿಸ್ರಿಯಾಳಿಗೆ."

"ನಲ್ಲಿ ಮುಟ್ಟುದು ನಾನು. ಹೇಳುದು ಅವಳಿಗೆ."

ಶಹೀರ್ ಸುತ್ತಿಗೆ ಹುಡುಕಲು ಹೊರಟ. ಅತ್ತೆ ತಪ್ಪನ್ನು ಒಪ್ಪಿಕೊಂಡದ್ದು ಹೌದು, ಆದರೆ ಅದು ಹೇಗೋ ತನ್ನ ಹೆಗಲಿಗೆ ಬಂದು ಕೂತಿದೆ ಎಂದು ಅವನಿಗೆ ಅನಿಸಿರಬೇಕು.

ಸುತ್ತಿಗೆ ತಂದು ಮೇಲಿನ ಗಡ್ಡೆಯನ್ನು ಒಡೆದರು. ನಾಲ್ಕು ಬೆರಳು ದಪ್ಪವಿತ್ತು, ಕೆಳಗೆ ನೀರಿತ್ತು. ಹಲೀಮತಳಿಗೆ ಸ್ವಲ್ಪ ಜೀವ ಬಂತು. ಆದರೆ ಕಾಯಿಸುವುದೆಲ್ಲಿ? ಹಂಡೆ ಗ್ಯಾಸ್ ಒಲೆಯ ಮೇಲೆ ಕೂರುವುದಿಲ್ಲ. ಸಣ್ಣ ಪಾತ್ರೆಯಲ್ಲಿ ಕಾಯಿಸಿ ತರೋಣವೆಂದರೆ ಸಿಲಿಂಡರ್ ಹೊರಗಿನ ಚಳಿಯಲ್ಲಿ ಕೂತು ಉರಿ ಮೋಂಬತ್ತಿಯಷ್ಟಾಗಿತ್ತು. ಎರಡನೆಯ ಪಾತ್ರೆ ಬಿಸಿಯಾಗುವಷ್ಟರಲ್ಲಿ ಮೊದಲನೆಯದು ಆರಿರುತ್ತದೆ.

"ನಿನ್ನ ಅಂಗಡಿಯಲ್ಲಿ ಒಂದು ಒಲೆ ಉಂಟಲ್ಲ," ಎಂದಳು.

ಒಲೆಯೆಂದರೆ ಒಂದು ಕಬ್ಬಿಣದ ಡ್ರಮ್ಮು. ಗಾಡಿಗಳಿಂದ ತೆಗೆದ ಹಳೆಯ ಆಯಿಲನ್ನು ಅದರೊಳಗೆ ಹನಿಹನಿಯಾಗಿ ಬಿಟ್ಟು ಉರಿಸುತ್ತಾರೆ. ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಹಳ್ಳಿಯಲ್ಲಿ ಬೆವರು ಬರುವ ಜಾಗ ಅದೊಂದೇ. ಗಾಡಿ ಎತ್ತುವ ಟ್ರಾಲಿ ಜ್ಯಾಕಿನ ಮೇಲೆ ಹಂಡೆಯನ್ನು ಕೂರಿಸಿ, ಅಳಿಯ ಎಳೆದು ಅತ್ತೆ ತಳ್ಳಿ, ಅರ್ಧ ಗಂಟೆಯಲ್ಲಿ ಅಂಗಡಿ ಸೇರಿಸಿದರು. ಡ್ರಮ್ಮಿನ ಮೇಲೆ ಏರಿಸಿದ ಮೇಲೆ ನೀರು ಬಿಸಿಯಾಗತೊಡಗಿತು. ನೆಕ್ಕಿ ಸೊಪ್ಪಿನ ವಾಸನೆ ರಬ್ಬರಿನ ವಾಸನೆಯ ಮಧ್ಯೆ ತಲೆಯೆತ್ತಿತು.

"ಆಯ್ತು ಮಾಮಿ. ಕಾದ ಮೇಲೆ ಬಕೆಟಿನಲ್ಲಿ ಬಚ್ಚಲಿಗೆ ಕೊಂಡುಹೋಗುವ."

ಹಲೀಮತ್ ಸುತ್ತ ನೋಡಿದಳು. ಕಾಂಕ್ರೀಟ್ ನೆಲ, ನೀರು ಹೋಗಲು ಚರಂಡಿ, ಮನೆಯ ಕಡೆಗೊಂದು ಬಾಗಿಲು, ಎದುರಿಗೆ ಶಟರು. ಬಚ್ಚಲಿನಲ್ಲಿ ಇದ್ಯಾವುದೂ ಇಷ್ಟು ಚೆನ್ನಾಗಿಲ್ಲ.

"ಎಲ್ಲಿಗೂ ಬೇಡ. ಶಟರ್ ಎಳಿ. ಇಲ್ಲೇ ಮೀಯಿಸ್ತೇನೆ."

"ಇಲ್ಲಿಯಾ? ಬನ್ಶರಿನಲ್ಲಿಯಾ?"

"ಹೂಂ. ನೀನು ಹೊರಗೆ ನಿಲ್ಲು."

ಮಿಸ್ರಿಯಾ ಕಂಬಳಿ ಸುತ್ತಿಕೊಂಡು, ಮಗುವನ್ನು ಎತ್ತಿಕೊಂಡು, ಮೂಗು ಮುರಿಯುತ್ತ ಬಂದಳು. "ಟಯರಿನ ಮಧ್ಯೆ ಕೂತು ಮೀಯುದಾ ಉಮ್ಮ? ಊರಲ್ಲಿ ಕೇಳಿದ್ರೆ ಎಂತ ಹೇಳ್ಯಾರು? ನಂಗೆ ಬೇಡ. ಇನ್ನು ನಾಲ್ಕು ದಿನ ಬಿಟ್ಟು ಬಿಸಿಲು ಬಂದ ಮೇಲೆ ನಾನೇ ಮೀಯ್ತೇನೆ."

"ನಾಲ್ಕು ದಿನ ಬಿಟ್ಟು ನಿನ್ನ ಬೆನ್ನಿಗೆ ನೀರು ಹೊಯ್ಯುದು ಯಾರು? ನಿನ್ನ ಗಂಡನಾ? ಅವನು ನಿನ್ನನ್ನು ಜ್ಯಾಕಿನಲ್ಲಿ ಎತ್ತಿಯಾನು. ಕೂತ್ಕೊ."

ಹೊಸ ಲಾರಿ ಟಯರೊಂದನ್ನು ನೆಲಕ್ಕೆ ಮಲಗಿಸಿ, ನಡುವೆ ಕಂಬಳಿ ಹಾಸಿ ಮಗುವನ್ನು ಮಲಗಿಸಿದರು. ಅದು ಒಲೆಯ ಕೆಂಪನ್ನು ನೋಡುತ್ತ ತಣ್ಣಗೆ ಮಲಗಿತು. ಮಿಸ್ರಿಯಾ ಮಣೆಯ ಮೇಲೆ ಮುದುಡಿ ಕೂತಳು. ಹಲೀಮತ್ ಎಣ್ಣೆ ತಿಕ್ಕಿ, ಮೊದಲ ಚೆಂಬನ್ನು ಎತ್ತಿದಳು. ಅಷ್ಟರಲ್ಲಿ ಶಟರಿನ ಮೇಲೆ ಧಡಧಡ ಬಡಿತ.

ಯಾರೋ ಮುದುಕ ಅರಬಿಯಲ್ಲಿ ಕೂಗುವ ಸ್ವರ. ಅದರ ಹಿಂದೆ ಕುರಿಗಳ ಅರಚಾಟ. ಟಯರ್ ಗಾಳಿ ಹೋಗಿ ಕೂತಿದೆ, ಬಾಗಿಲು ತೆಗಿ ಎನ್ನುತ್ತಿರಬೇಕು.

"ಸಲಾಹ್, ಸಲಾಹ್," ಎನ್ನುತ್ತಿದ್ದ ಶಹೀರ್. ನಮಾಝಿನ ಹೊತ್ತು, ಅಂಗಡಿ ಮುಚ್ಚಿದೆ ಎಂದು.

ಮುದುಕ ಜೋರಾಗಿ ನಕ್ಕು ಏನೋ ಕೇಳಿದ.

"ಬೆಳಿಗ್ಗೆ ಹತ್ತು ಗಂಟೆಗೆ ಯಾವ ನಮಾಝು ಅಂತ ಕೇಳ್ತಿದ್ದಾರೆ," ಮಿಸ್ರಿಯಾ ತಲೆಗೂದಲಿನ ಒಳಗಿಂದ ಪಿಸುಗುಟ್ಟಿದಳು. "ಹೇಳು ಈಗ ಉತ್ತರ."

ಮತ್ತೆ ಬಡಿತ. ಹಲೀಮತಳ ಕೈಯಲ್ಲಿ ಚೆಂಬಿನ ನೀರು ಆರುತ್ತಿತ್ತು. ಒಂದು ದಿನ, ಒಂದು ಕೆಲಸ, ಅದಕ್ಕೂ ಈ ಊರು ಬಿಡುವುದಿಲ್ಲವಲ್ಲ ಎಂದು ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು. "ಶಹೀರೇ," ಎಂದು ಒಳಗಿನಿಂದಲೇ ಕೂಗಿದಳು, "ಸುಳ್ಳು ಹೇಳ್ಬೇಡ ಮೋನೆ. ಇದ್ದದ್ದನ್ನು ಹೇಳು. ಹೆಂಡತಿ ಮೀಯ್ತಾ ಇದ್ದಾಳೆ ಅಂತ ಹೇಳು."

ಹೊರಗೆ ಶಹೀರ್ ಬಹಳ ಸಣ್ಣ ದನಿಯಲ್ಲಿ ನಾಲ್ಕು ಮಾತು ಹೇಳಿದ. ಮುದುಕನ ನಗು ನಿಂತಿತು. ಗಾಡಿಯ ಬಾಗಿಲು ತೆರೆದು ಮುಚ್ಚಿದ ಸದ್ದು. ಕೂತ ಟಯರಿನಲ್ಲೇ ಗಾಡಿ ತೆವಳುತ್ತ ದೂರ ಹೋಗಿ ನಿಂತಿತು. ಮತ್ತೊಂದು ಗಾಡಿ ಬಂದು ಹಾರ್ನ್ ಹೊಡೆದಾಗ ಆ ಮುದುಕನೇ ಗದರಿ ಅದನ್ನು ಕಳಿಸಿದ್ದು ಕೇಳಿಸಿತು.

ಹಲೀಮತ್ ಹೊಯ್ದಳು. ಬೆನ್ನಿಗೆ, ಸೊಂಟಕ್ಕೆ, ಕೈ ಎತ್ತಿ ಬೀಸಿ, ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ. ಮೊದಲ ಹತ್ತು ಚೆಂಬಿಗೆ ಮಿಸ್ರಿಯಾ ಹಲ್ಲು ಕಚ್ಚಿದ್ದಳು. ಆಮೇಲೆ ಹೆಗಲು ಇಳಿಯಿತು. ಆಮೇಲೆ ಕಣ್ಣು ಮುಚ್ಚಿದಳು. ಶುದ್ಧಿಯ ಸಂಕಲ್ಪವಾದ ನಿಯ್ಯತ್ ಹೇಳಿಸಿ, ತಲೆಯ ಮೇಲಿಂದ ಕೊನೆಯ ನೀರು ಸುರಿದು, ಹಲೀಮತ್ ಟವೆಲಿಗೆ ಕೈ ಚಾಚಿದಾಗ ಹುಡುಗಿ ಅಲುಗಲಿಲ್ಲ.

"ಉಮ್ಮ," ಎಂದಳು, "ಸೊಂಟಕ್ಕೆ ಇನ್ನೊಂದು ನಾಲ್ಕು ಚೆಂಬು ಹೊಯ್ಯಿ. ನಾಳೆಯಿಂದ ಯಾರು ಹೊಯ್ತಾರೆ?"

ಹಂಡೆಯ ತಳದಲ್ಲಿ ಸ್ವಲ್ಪ ಉಳಿದಿತ್ತು; ಎಲೆ ನೆನೆದ ನೀರು, ಅಡುಗೆಗಂತೂ ಆಗುವುದಿಲ್ಲ. ಹಲೀಮತ್ ಹಂಡೆಯನ್ನು ವಾಲಿಸಿ ತಳದ ನೀರನ್ನು ಬಳಿದು ಬಳಿದು ಹೊಯ್ದಳು. ಮಗಳ ಮುಖವನ್ನು ನೋಡಲಿಲ್ಲ, ತನ್ನ ಮುಖವನ್ನು ತೋರಿಸಲೂ ಇಲ್ಲ. ತಲೆ ಒರೆಸಿ, ಸೊಂಟಕ್ಕೆ ಬಟ್ಟೆ ಬಿಗಿದು, ಕಂಬಳಿ ಹೊದಿಸಿ, ಮಗುವನ್ನು ಕೈಗೆ ಕೊಟ್ಟು ಹಿಂಬಾಗಿಲಿನಿಂದ ಒಳಗೆ ಕಳಿಸಿದಳು.

ಹಿಂದೆಯೇ ಹೊರಟ ಹಲೀಮತ್ ಅಂಗಳ ದಾಟುವಷ್ಟರಲ್ಲಿ ಒದ್ದೆಯಾಗಿದ್ದ ಅವಳ ಮ್ಯಾಕ್ಸಿಯ ಅಂಚು ರಟ್ಟಿನ ಹಾಗೆ ಸೆಟೆದು ಕಾಲಿಗೆ ಬಡಿಯತೊಡಗಿತು. ಅಡುಗೆಮನೆಯಲ್ಲಿ ಅಕ್ಕಿ ಅಳೆದಿಟ್ಟಿದ್ದಳು. ಕ್ಯಾನ್ ಎತ್ತಿ ನೋಡಿದಳು: ಚಹಾಕ್ಕೆ ಸಾಕು, ಅನ್ನಕ್ಕಿಲ್ಲ. ಮಸೀದಿಯ ನಲ್ಲಿಯೂ ಕಟ್ಟಿರುತ್ತದೆ, ಕರಗಬೇಕಾದರೆ ಮಧ್ಯಾಹ್ನವಾಗಬೇಕು. ಒಲೆಯ ಎದುರು ಸೊಂಟಕ್ಕೆ ಕೈ ಕೊಟ್ಟು ಸ್ವಲ್ಪ ಹೊತ್ತು ನಿಂತು, ವಾಪಸ್ ಅಂಗಡಿಯ ಬಾಗಿಲಿಗೆ ಹೋದಳು. ಶಹೀರ್ ಶಟರ್ ಎತ್ತಿ ನೆಲದ ನೀರು ತಳ್ಳುತ್ತಿದ್ದ.

"ಆ ಅಜ್ಜನ ಟಯರ್ ಮೊದಲು ನೋಡು," ಎಂದಳು. "ಮತ್ತೆ, ಕುರಿಗೆ ಅಂತ, ಕಟ್ಟದ ಹಾಗೆ ಸೀಟಿನ ಹತ್ತಿರ ನೀರಿನ ಕ್ಯಾನ್ ಇಟ್ಕೊಂಡಿರ್ತಾರಲ್ಲ ಇವರು. ಒಂದು ಇದ್ರೆ ಕೇಳು. ಊಟಕ್ಕೂ ಇಲ್ಲೇ ನಿಲ್ಲಿಕ್ಕೆ ಹೇಳು."