ಅತ್ತೆ ಪೇಷೆಂಟಾದ ದಿನ

ಬರೆದ ಮಾಕ್ ಟೆಸ್ಟುಗಳಲ್ಲೆಲ್ಲ ನಾನು ಒಂದೇ ಕಡೆ ಮುಗ್ಗರಿಸುತ್ತಿದ್ದೆ. ಹೆರಿಗೆ ಕೇಸಿನಲ್ಲಿ ‘ಎಷ್ಟು ಸಲ ಗರ್ಭ ನಿಂತಿತ್ತು’ ಅನ್ನುವ ಕಾಲಂ. ಬದುಕಿರುವ ಮಕ್ಕಳನ್ನು ಮಾತ್ರ ಎಣಿಸಿ ತುಂಬಿಬಿಡುತ್ತಿದ್ದೆ. ಅದೊಂದು ತಪ್ಪಾದರೆ ಇಡೀ ಕೇಸಿಗೆ ಸೊನ್ನೆ.

“ಮೇಡಂ, ಉಳ್ಕಂಡಿರೋ ಮಕ್ಳ ಲೆಕ್ಕ ಅಲ್ಲ ಅದು. ಓಗಿದ್ದೂ ಸೇರುಸ್ಬೇಕು,” ಎಂದು ಹೇಳಿ ಹೇಳಿ ತರಬೇತಿ ಕೊಡುವ ನಾಗಾರ್ಜುನನಿಗೆ ಸಾಕಾಗಿತ್ತು. ನನಗಿಂತ ಚಿಕ್ಕವನು, ಬೈಯಲೂ ಸಂಕೋಚ ಅವನಿಗೆ.

ಪಾಂಡವಪುರದ ಒಂದು ಖಾಸಗಿ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ನನ್ನ ಕೆಲಸ. ಹಳೆಯ ಫೈಲುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ಹೆಲ್ತ್ ರೆಕಾರ್ಡ್ಸ್ ಸರ್ಟಿಫಿಕೇಟ್ ಪರೀಕ್ಷೆ ಪಾಸಾದವರಿಗೆ ಕುರ್ಚಿ, ಉಳಿದವರಿಗೆ ಮನೆ ಎಂದು ಮ್ಯಾನೇಜರು ನಗುನಗುತ್ತಲೇ ಹೇಳಿದ್ದರು. ಪರೀಕ್ಷೆ ಭಾನುವಾರ, ಮೈಸೂರಿನಲ್ಲಿ. ಸಂಬಳದ ಆಸೆಗಿಂತ ನನಗೆ ಮನೆಯ ಭಯ ಹೆಚ್ಚು. ಮನೆಯಲ್ಲಿದ್ದರೆ ನಮ್ಮೂರು ಕ್ಯಾತನಹಳ್ಳಿಯ ಹೆಂಗಸರು ಬಂದು ನನ್ನ ಮುಖ ನೋಡಿ “ಇರ್ಲಿ ಬುಡವ್ವ, ಇನ್ನೂ ವಯಸ್ಸೈತೆ” ಅನ್ನುತ್ತಾರೆ. ಕಂಪ್ಯೂಟರು ಏನೂ ಅನ್ನುವುದಿಲ್ಲ.

ಯುಗಾದಿಗೆ ಮುಂಚೆ ನನಗೆ ಎಂಟು ತಿಂಗಳು ತುಂಬಿತ್ತು. ಒಂದು ಬೆಳಿಗ್ಗೆ ಒದೆತ ನಿಂತಿತು. ಆಪರೇಷನ್ ಮಾಡಿ ತೆಗೆದರು. ನನಗೆ ಎಚ್ಚರವಾಗುವಷ್ಟರಲ್ಲಿ ಗಂಡಸರು ಕಬ್ಬಿನ ಗದ್ದೆಯ ಬದಿಯಲ್ಲಿ ಮಣ್ಣು ಮಾಡಿ ಬಂದಿದ್ದರು. ದೊಡ್ಡವರು ಹೋದರೆ ಸಮಾಧಿಗೆ ಹಾಲುತುಪ್ಪ ಬಿಡುತ್ತಾರೆ, ತಿಥಿ ಮಾಡುತ್ತಾರೆ. ಇದಕ್ಕೆ ಅದೇನೂ ಇಲ್ಲ. ಆ ಮಾತು ಎತ್ತಬೇಡಿ ಎಂದು ಯಾರೂ ಹೇಳಲಿಲ್ಲ, ಆದರೂ ಯಾರೂ ಎತ್ತಲಿಲ್ಲ. ನನಗೆ ಅಳುವೂ ಬರಲಿಲ್ಲ. ಊಟ ಕೊಟ್ಟರೆ ಉಣ್ಣುತ್ತಿದ್ದೆ, ಬಸ್ಸು ಬಂದರೆ ಹತ್ತುತ್ತಿದ್ದೆ. ಹಲ್ಲು ಕೀಳುವ ಮುಂಚೆ ಸೂಜಿ ಹಾಕಿದ ದವಡೆ ಇರುತ್ತದಲ್ಲ, ನನ್ನ ಇಡೀ ಮೈ ಹಾಗಿತ್ತು.

ಪರೀಕ್ಷೆಯಲ್ಲಿ ಒಬ್ಬರನ್ನು ಎದುರಿಗೆ ಕೂರಿಸಿಕೊಂಡು, ಕೇಳಿ ಕೇಳಿ ಟೈಪು ಮಾಡಬೇಕು. ಅಭ್ಯಾಸಕ್ಕೆಂದು ಆಸ್ಪತ್ರೆಯ ಹಳೆಯ ಕಂಪ್ಯೂಟರೊಂದನ್ನು ಮನೆಗೆ ತಂದಿಟ್ಟುಕೊಂಡಿದ್ದೆ. ನನ್ನ ಗಂಡ ಶಿವಶಂಕರ್ “ನಾನೇ ಪೇಷೆಂಟ್ ಆಯ್ತೀನಿ ಬಾ” ಎಂದು ಕುರ್ಚಿ ಎಳೆದು ಕೂತರು. ಜ್ವರ, ಬಿಪಿ, ಸಕ್ಕರೆ, ಎಲ್ಲಕ್ಕೂ ತಮಾಷೆಯ ಉತ್ತರ. ಹೆರಿಗೆಯ ಕಾಲಂ ಬಂದ ತಕ್ಷಣ ಡೇರಿಗೆ ಹೊತ್ತಾಯಿತೆಂದು ಎದ್ದರು. ಅವರು ಹಾಲಿನ ಡೇರಿಯ ಸೆಕ್ರೆಟರಿ. ಡೇರಿ ತೆರೆಯಲು ಇನ್ನೂ ಬೇಕಾದಷ್ಟು ಹೊತ್ತಿತ್ತು.

ಹುರುಳಿ ಆರಿಸುತ್ತಿದ್ದ ಅತ್ತೆ ಸೋಮಮ್ಮ ಮೊರ ಬದಿಗಿಟ್ಟು ಆ ಕುರ್ಚಿಗೆ ಬಂದು ಕೂತರು.

“ಕೇಳು ಸುನಿತಾ, ನಾನ್ ಯೋಳ್ತೀನಿ.”

“ಹೆಸರು?”

“ಮನೇಗ್ ಬಂದು ಮೂರ್ ವರ್ಸ ಆಯ್ತು, ಅತ್ತೆ ಎಸ್ರು ಗೊತ್ತಿಲ್ವಾ?”

“ಪರೀಕ್ಷೇಲಿ ಕೇಳ್ಲೇಬೇಕು ಅತ್ತೆ.”

“ಸೋಮಮ್ಮ. ಬರ್ಕೊ.”

“ಮೈಗೆ ಏನಾದ್ರೂ ಒಗ್ಗಲ್ವಾ ನಿಮ್ಗೆ?”

“ನಿಮ್ ಮಾವನ್ ತಂಗಿ.”

ಮೊದಲಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ‘ಇಲ್ಲ’ ಎಂದು ಟೈಪು ಮಾಡಿ ಮುಂದಕ್ಕೆ ಹೋದೆ. ಆ ಕಾಲಂ ಬಂತು. ಇದರಲ್ಲಿ ಕೇಳುವುದೇನಿದೆ? ನನ್ನ ಗಂಡ ಒಬ್ಬರು, ಕೆ.ಆರ್. ಪೇಟೆಗೆ ಕೊಟ್ಟ ನಾದಿನಿ ಒಬ್ಬಳು. ಎರಡು ಎಂದು ಒತ್ತಿದೆ.

“ಅದೇನು, ಕೇಳ್ದೇನೇ ಒತ್ಬುಟ್ಟೆ?”

“ಎಷ್ಟು ಸಲ ಬಸುರಿ ಆಗಿದ್ರಿ ಅಂತ. ಎರಡಲ್ವಾ?”

“ಐದು.”

ನಾನು ತಲೆಯೆತ್ತಿದೆ. ಅತ್ತೆ ಗೋಡೆಯ ಕಡೆ ನೋಡುತ್ತಾ, ಸಂತೆಯಿಂದ ತಂದ ಸಾಮಾನು ಒಪ್ಪಿಸುವಂತೆ ಹೇಳಿದರು. “ಮೊದುಲ್ನೇದು ಗಂಡು, ಸಂಜೆಗಂಟ ಇತ್ತು. ಆಮೇಲೊಂದು, ಮೂರ್ ತಿಂಗ್ಳಿಗೇ ಓಯ್ತು. ನಿನ್ ಗಂಡ ಆದ್ಮೇಲೆ ಒಂದು ಎಣ್ಣು, ಉಸ್ರೇ ಆಡ್ನಿಲ್ಲ. ಕಡೇಗೆ ನಿನ್ ನಾದಿನಿ.”

“ಇವ್ರಿಗೆ ಗೊತ್ತಾ?”

“ಯಾರೂ ಕೇಳ್ನಿಲ್ಲ, ನಾನೂ ಯೋಳ್ನಿಲ್ಲ. ಈ ಡಬ್ಬ ಕೇಳ್ತು, ಯೋಳ್ದೆ.”

ಎರಡನ್ನು ಅಳಿಸಿ ಐದು ಮಾಡಿದೆ. ಭಾನುವಾರ ಮೈಸೂರಿನಲ್ಲಿ ಆ ಕಾಲಂ ನನಗೆ ತಪ್ಪಲಿಲ್ಲ, ಕುರ್ಚಿಯೂ ಉಳಿಯಿತು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಆಗಿದ್ದಕ್ಕೂ ಪರೀಕ್ಷೆಗೂ ಸಂಬಂಧವಿಲ್ಲ.

“ಈಗ ನೀ ಇತ್ಲಾಗ್ ಬಾ. ನಾನ್ ಕೇಳ್ತೀನಿ,” ಎಂದು ಅತ್ತೆ ಎದ್ದು ನನ್ನನ್ನೂ ಎಬ್ಬಿಸಿದರು. ಅವರಿಗೆ ಓದು ಬರಹ ಅಷ್ಟಕ್ಕಷ್ಟೇ. ಕಣ್ಣು ಕಿರಿದು ಮಾಡಿಕೊಂಡು ಪರದೆಯ ಮುಂದೆ ಕೂತರು. ಹೆಸರು ಕೇಳಲಿಲ್ಲ, ಬಿಪಿ ಕೇಳಲಿಲ್ಲ.

“ನಿಂಗೆಷ್ಟು?”

ಸೊನ್ನೆ ಎನ್ನುವುದು ಸುಲಭವಿತ್ತು. ಊರೆಲ್ಲ ಅದನ್ನೇ ಒಪ್ಪಿಕೊಂಡಿತ್ತು.

“ಒಂದು,” ಎಂದೆ.

ಅವರು ಅಂಕಿ ಹುಡುಕಿ ಹುಡುಕಿ, ತೋರುಬೆರಳಿನಿಂದ ಮೆಲ್ಲಗೆ ಒತ್ತಿದರು.

“ಗಂಡೋ ಎಣ್ಣೋ?”

ನನಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ಅತ್ತೆ ನನ್ನ ಮುಖ ನೋಡಿದರು. ಆಗ ಅವರಿಗೆ ತಿಳಿಯಿತು.

“ಅಯ್ಯೋ ನನ್ ಕಂದ, ಯಾರೂ ಯೋಳೇ ಇಲ್ವಾ ನಿಂಗೆ?” ಎಂದು ನನ್ನ ಕೈ ಹಿಡಿದರು. “ಎಣ್ಣು ಕಣವ್ವ. ನಾನೇ ಬಿಳೀ ಪಂಚೇಲಿ ಸುತ್ತಿ ಕೊಟ್ಟೆ. ತಲೆ ತುಂಬ ಕೂದ್ಲಿತ್ತು.”

ಎದೆಯಲ್ಲಿ ಎಲ್ಲೋ ಚುಳುಕ್ ಎಂದಿತು. ಅದು ನೋವು. ಇಷ್ಟು ತಿಂಗಳಲ್ಲಿ ಮೊದಲ ಸಲ ನನಗೆ ನೋವಾಯಿತು, ಆ ನೋವು ನನಗೆ ಬೇಕಿತ್ತು.

“ಮೂಗು ಯಾರ ಥರ ಇತ್ತು ಅತ್ತೆ?” ಎಂದು ಕೇಳಿದೆ. “ಬೆರಳು? ಕಿವಿ? ಎಲ್ಲಾ ಹೇಳಿ.”