ಹೇಸರಗತ್ತೆಯ ಎದುರು ಹಾಲಿಸ್ ಬ್ರೀಡ್‌ಲವ್

ಮತದಾನದ ಫೈನಲ್‌ನಲ್ಲಿ ತನ್ನೆದುರು ಉಳಿದಿರುವುದು ಕ್ಲೆಮೆಂಟೈನ್ ಎಂದು ತಿಳಿದಾಗ ಹಾಲಿಸ್ ಬ್ರೀಡ್‌ಲವ್‌ಗೆ ನಗು ಬರಲಿಲ್ಲ. ಕ್ಲೆಮೆಂಟೈನ್ ಒಂದು ಹೇಸರಗತ್ತೆ.

ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಎದುರಾಳಿಗಳ ಗೋಡೆಗೆ ನುಗ್ಗುವ ರನ್ನಿಂಗ್ ಬ್ಯಾಕ್‌ಗಳಲ್ಲಿ ಪಿಲ್ಚರ್ ಕಾಲೇಜು ಕಂಡ ಅತಿ ಶ್ರೇಷ್ಠ ಯಾರು? ಮತ ಹಾಕುವವರು ಅಭಿಮಾನಿಗಳು, ಫೋನಿನಲ್ಲೇ. ಗೆದ್ದವರ ಹೆಸರು ಕ್ರೀಡಾಂಗಣದ ಉತ್ತರದ ಗೇಟಿಗೆ. ಹಾಲಿಸ್ ನಾಲ್ಕು ವರ್ಷ ಆಡಿ, ಎರಡೂ ಮೊಣಕಾಲು ಹಾಳು ಮಾಡಿಕೊಂಡು, ಆಮೇಲೆ ಅದೇ ಊರಿನ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು. ಕಾಲೇಜು ತನ್ನ ತಂಡದ ಲಾಂಛನವಾಗಿ ಸಾಕಿದ್ದ ಕ್ಲೆಮೆಂಟೈನ್ ಓಡಿದ್ದು ಒಂದೇ ಸಲ. ಮಂಜು ಕವಿದ ಪಂದ್ಯವೊಂದರಲ್ಲಿ ಹಗ್ಗ ಕಿತ್ತುಕೊಂಡು, ಮೈಮೇಲಿನ ಹೊದಿಕೆಗೆ ಸಿಕ್ಕಿಕೊಂಡ ಚೆಂಡಿನ ಸಮೇತ ಮೈದಾನದ ಉದ್ದಕ್ಕೂ ದೌಡಾಯಿಸಿತ್ತು. ರೆಫರಿ ಅಂಕ ಕೊಡಲಿಲ್ಲ. ಊರು ಅದನ್ನು ಮರೆಯಲೂ ಇಲ್ಲ.

"ಸರಾಸರಿ ನೋಡೋ," ಎಂದ ಹಳೆಯ ಜೊತೆ ಆಟಗಾರ ಡಬ್ ಸ್ಯಾಟರ್‌ವೈಟ್, ಪಾರ್ಕಿಂಗ್ ಜಾಗದಲ್ಲಿ ಹಂದಿಯ ಭುಜದ ಮಾಂಸಕ್ಕೆ ಹೊಗೆ ಕೊಡುತ್ತಾ. ಪಂದ್ಯದ ದಿನ ಊರೆಲ್ಲ ಅಲ್ಲೇ ಒಲೆ ಹೂಡುತ್ತಿತ್ತು. "ನಿಂದು ಓಟಕ್ಕೆ ಐದು ಗಜ. ಅದರದ್ದು ತೊಂಬತ್ತು."

"ಒಂದೇ ಸಲ ಅಳೆದದ್ದಕ್ಕೆ ಸರಾಸರಿ ಅನ್ನಲ್ಲ ಡಬ್."

"ಇನ್ನೊಂದ್ಸಲ ಓಡ್ಸೋಣ ಅಂದ್ರೆ ಪಾಪ ಸತ್ತೋಗಿದೆ. ಮೊಮ್ಮಗಳು ಅಲ್ಲಿದಾಳೆ, ಬೇಕಾದ್ರೆ ಕೇಳ್ಕೋ." ಟ್ರಕ್ಕಿಗೆ ಕಟ್ಟಿದ್ದ ಈಗಿನ ಹೇಸರಗತ್ತೆಯತ್ತ ಡಬ್ ಇಕ್ಕಳ ತೋರಿಸಿದ.

"ಹೇಸರಗತ್ತೆಗೆ ಮರಿ ಆಗಲ್ಲ ಕಣೋ. ನಿನ್ನ ಮಗನಿಗೂ ಹೇಳ್ಕೊಟ್ಟಿದ್ದೆ."

"ಅದಕ್ಕೇ ಅವನು ಕ್ಲೆಮೆಂಟೈನ್‌ಗೆ ವೋಟ್ ಹಾಕಿರೋದು."

ಮಡಚುವ ಕುರ್ಚಿಯಲ್ಲಿ ಕೂತು ಬೇಯಿಸಿದ ಕಡಲೆಕಾಯಿ ಸುಲಿಯುತ್ತಿದ್ದ ಹೆಂಡತಿ ವರ್ನಾ ತಲೆಯೆತ್ತಲಿಲ್ಲ. "ಬಾಯಿ ಮುಚ್ಕೊಂಡಿರು ಹಾಲಿಸ್. ನೀನು ಒಂದೊಂದು ತಪ್ಪು ತಿದ್ದಿದಾಗ್ಲೂ ಒಂದೊಂದು ಮನೆ ವೋಟು ಹೋಗ್ತಿದೆ."

ಅವನಿಗೆ ಆ ಗೇಟು ಬೇಕಾಗಿತ್ತು. ಯಾರಿಗೂ ಹೇಳಿರಲಿಲ್ಲ, ಆದರೆ ಹಿಂದಿನ ವಾರ ವಾಕಿಂಗ್ ನೆಪದಲ್ಲಿ ಹೋಗಿ, ಇಟ್ಟಿಗೆಯ ಕಮಾನಿನ ಮೇಲೆ ತನ್ನ ಹೆಸರು ಒಂದೇ ಸಾಲಿನಲ್ಲಿ ಹಿಡಿಯುತ್ತದೋ ಇಲ್ಲವೋ ಎಂದು ಕಣ್ಣಳತೆಯಲ್ಲಿ ನೋಡಿ ಬಂದಿದ್ದ. ಹಿಡಿಯುತ್ತಿತ್ತು.

ಮತದಾನ ಮುಗಿಯಲು ಒಂದು ಗಂಟೆ ಇದೆ ಎನ್ನುವಾಗ ಸುದ್ದಿ ಬಂತು. ಪಕ್ಕದ ಟ್ಯಾಲಿಸ್ ಕಾಲೇಜಿನವರು, ಇವತ್ತಿನ ಎದುರಾಳಿಗಳು, ಪಿಲ್ಚರಿನ ಮರ್ಯಾದೆ ತೆಗೆಯಲೆಂದೇ ಸಾವಿರಗಟ್ಟಲೆ ಮಂದಿ ಹೇಸರಗತ್ತೆಗೆ ಮತ ಒತ್ತುತ್ತಿದ್ದಾರಂತೆ. ಡಬ್ ಒಲೆ ಬಿಟ್ಟು ಟ್ರಕ್ ಹತ್ತಿ ಕೂಗಿದ. ಪಾರ್ಕಿಂಗ್ ಪೂರ್ತಿ ಫೋನು ಹೊರತೆಗೆಯಿತು. ಟ್ಯಾಲಿಸ್‌ಗೆ ಬೇಕಾದದ್ದು ಪಿಲ್ಚರಿಗೆ ಬೇಡ. ಮತಗಳಲ್ಲಿ ಹಾಲಿಸ್ ಮುಂದಕ್ಕೆ ಬಂದ. ಅಪರಿಚಿತರು ಬಂದು ಬೆನ್ನು ತಟ್ಟಿದರು. ಅವನ ಪರೀಕ್ಷೆಯಲ್ಲಿ ನಪಾಸಾಗಿದ್ದವರೂ ತಟ್ಟಿದರು.

ಆಗ ರೇಡಿಯೋದ ಕಾಟನ್ ಯಾನ್ಸಿ ಮೈಕು ಹಿಡಿದು ಬಂದ. "ಮೇಷ್ಟ್ರೇ, ನೇರ ಪ್ರಸಾರ. ನೀವು ಕಣ್ಣಾರೆ ಕಂಡ ಅತಿ ದೊಡ್ಡ ರನ್ನಿಂಗ್ ಬ್ಯಾಕ್ ಯಾರು?"

ವರ್ನಾ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು. ಹಾಲಿಸ್‌ಗೆ ಉತ್ತರ ಗೊತ್ತಿತ್ತು, ಅದೇ ತೊಂದರೆ.

"ಎಜ್ರಾ ಪ್ಲಂಕೆಟ್," ಎಂದ.

"ಟ್ಯಾಲಿಸ್‌ನ ಪ್ಲಂಕೆಟ್ಟಾ?"

"ಅವನೇ. ಅವನು ಓಡೋದು ನೋಡ್ತಾ ನಾನು ಹೆಲ್ಮೆಟ್ ಹಾಕ್ಕೊಳ್ಳೋದೇ ಮರೆತು ಮೈದಾನಕ್ಕೆ ಇಳಿದಿದ್ದೆ."

ಡಬ್ ಮಾಂಸದ ಮೇಲೆ ಮುಚ್ಚಳ ಹಾಕಿದ. "ಇವನಿಗೆ ಇವತ್ತು ಊಟ ಇಲ್ಲ," ಎಂದ, ನಿರ್ದಿಷ್ಟವಾಗಿ ಯಾರಿಗೂ ಅಲ್ಲ. ಪಿಲ್ಚರಿನ ಮತವೆಲ್ಲ ಮತ್ತೆ ಹೇಸರಗತ್ತೆಯ ಕಡೆ ತಿರುಗಿತು. ಹೆಂಗಸೊಬ್ಬಳು ಟ್ರಕ್ಕಿನ ಬಳಿ ಹೋಗಿ, ಏನೂ ತಿಳಿಯದ ಆ ಪ್ರಾಣಿಯ ಕ್ಷಮೆ ಕೇಳಿದಳು.

ಆದರೆ ರೇಡಿಯೋ ಟ್ಯಾಲಿಸ್‌ನಲ್ಲೂ ಕೇಳಿಸುತ್ತಿತ್ತು. ಶತ್ರುವಿನ ಬಾಯಿಂದ ಅವರ ಪ್ಲಂಕೆಟ್ ಬಗ್ಗೆ ಇಂಥ ಮಾತು ಎಂದೂ ಬಂದಿರಲಿಲ್ಲ. ಮತ ಮುಗಿಯುವ ಹೊತ್ತಿಗೆ ಟ್ಯಾಲಿಸ್ ಇಡಿಯಾಗಿ ಹಾಲಿಸ್‌ಗೆ ಒತ್ತಿತ್ತು. ಅವರ ಕಾಲೇಜು ದೊಡ್ಡದು.

ಹಾಲಿಸ್ ಗೆದ್ದ.

ಕಮಾನಿಗೆ ಬಟ್ಟೆಯ ಫಲಕ ಏರಿತು. ಹೆಸರು ಒಂದೇ ಸಾಲು. ಪಿಲ್ಚರ್‌ನವರು ಅದನ್ನು ನೋಡಿ, ಕ್ರೀಡಾಂಗಣ ಸುತ್ತಿ ದಕ್ಷಿಣದ ಗೇಟಿಗೆ ಹೋದರು. ಹೇಸರಗತ್ತೆಯನ್ನೂ ಅಲ್ಲಿಂದಲೇ ಒಳಗೆ ಕರೆದೊಯ್ದರು. ವರ್ನಾ ಟಿಕೆಟ್ ಕೈಯಲ್ಲಿ ಹಿಡಿದು ನಿಂತಳು.

"ಇಲ್ಲಿಂದ ಬಾ," ಎಂದ ಹಾಲಿಸ್. "ನನ್ನ ಗೇಟು."

"ನಾಳೆಯಿಂದಲೂ ನಾನು ಇದೇ ಊರವರ ಕೈಲಿ ಕೂದಲು ಕಟ್ ಮಾಡಿಸ್ಕೋಬೇಕಲ್ಲ ಹಾಲಿಸ್," ಎಂದು ಅವಳೂ ದಕ್ಷಿಣಕ್ಕೆ ನಡೆದಳು.

ಉತ್ತರದ ಗೇಟಿನಲ್ಲಿ ಹಳದಿ ಅಂಗಿಗಳ ಟ್ಯಾಲಿಸ್ ಜನವೇ ನುಗ್ಗುತ್ತಿತ್ತು. ಅವರ ನಡುವೆ ಪಿಲ್ಚರಿನ ಕೆಂಪು ಅಂಗಿ ಹಾಲಿಸ್‌ನದ್ದೊಂದೇ. ಮುದುಕಿಯೊಬ್ಬಳು ಅವನ ತೋಳು ಹಿಡಿದಳು. "ಯಜಮಾನರೇ, ನಮ್ಮ ಎಜ್ರಾ ನಿಜವಾಗ್ಲೂ ಹಾಗೆ ಓಡ್ತಿದ್ನಾ? ನಮ್ಮವರು ಹೇಳಿದ್ರೆ ನಂಬಿಕೆ ಬರಲ್ಲ."

"ಹೇಗೆ ಅಂದ್ರೆ," ಎಂದ ಹಾಲಿಸ್. ಅವಳ ಕೈಚೀಲವನ್ನು ಕೇಳಿ ಪಡೆದು ಬಗಲಿಗೆ ಸಿಕ್ಕಿಸಿಕೊಂಡ. "ಭುಜ ಎಡಕ್ಕೆ ಹೋಗೋದು, ಸೊಂಟ ಬಲಕ್ಕೆ. ಎಲ್ಲರೂ ಭುಜ ನೋಡೋರು." ಸುತ್ತಲಿನ ಹಳದಿ ಜನ ಜಾಗ ಬಿಟ್ಟರು. ಹಾಲಿಸ್ ಹಾಳಾದ ಮೊಣಕಾಲು ಬಗ್ಗಿಸಿ, ತನ್ನ ಹೆಸರಿನ ಕಮಾನಿನ ಕೆಳಗೆ, ಭುಜವನ್ನು ಎಡಕ್ಕೆ ಒಯ್ದ.