ಹೆಡ್ಲಿ ಆರಿಸಿಕೊಂಡ ತುಂಡು

"ಸಲಿಕೆ ಹಿಡ್ದಿರೋ ಚೆಂದ ನೋಡು, ಸೂಪಿನ ಸೌಟು ಹಿಡ್ದಂಗಿದೆ!" ಪಕ್ಕದ ತೋಟದಿಂದ ಸೆತ್ ಕೂಗಿದ. "ಒಂದು ಮೊಳ ದೂರದಿಂದ ಅಗಿ ಮಾರಾಯ್ತಿ. ಗೆಡ್ಡೆಗೆ ಏಟು ಬಿದ್ರೆ ನಿನ್ನ ಗಂಡ ಕುರ್ಚಿಯಿಂದ ಎದ್ದು ಬಂದು ನನ್ನ ಕಿವಿ ಹಿಂಡ್ತಾನೆ."

ಮೇವಿಸ್ ಸಲಿಕೆಯನ್ನು ಒಂದು ಮೊಳ ಹಿಂದಕ್ಕೆ ಸರಿಸಿದಳು. ನಲವತ್ತೊಂದು ವರ್ಷದ ಸಂಸಾರದಲ್ಲಿ ಅವಳು ಈ ಮಣ್ಣಿಗೆ ಕೈ ಹಾಕಿದವಳಲ್ಲ. ವಸಂತದಲ್ಲಿ ಅವಳ ಗಂಡ ಹೆಡ್ಲಿ, ಸಿಹಿ ಕಡುಬಿಗೆ ಹಾಕುವ ಹುಳಿ ರೂಬಾರ್ಬಿನ ಕೆಂಪು ದಂಟುಗಳನ್ನು ಕಂಕುಳಲ್ಲಿ ಇರುಕಿಕೊಂಡು ಹಿತ್ತಲ ಬಾಗಿಲಿಗೆ ಬರುತ್ತಿದ್ದ. ಅಲ್ಲಿಂದ ಮುಂದಿನದು, ಸಕ್ಕರೆ, ಹಿಟ್ಟು, ಒಲೆ, ಅವಳದು. ಈಗ ನವೆಂಬರಿನ ಇಬ್ಬನಿ ಹೆಪ್ಪುಗಟ್ಟಿದ ನೆಲದ ಮೇಲೆ ಕಾಲೂರಿ ಅವಳು ಅದೇ ಗಿಡದ ಗೆಡ್ಡೆಯ ಸುತ್ತ ಸಲಿಕೆ ತುಳಿಯುತ್ತಿದ್ದಳು. ಕಾಲುದಾರಿಯಲ್ಲಿ ಗಾಲಿಕುರ್ಚಿಯ ಮೇಲೆ, ಮೊಣಕಾಲಿಗೆ ಕಂಬಳಿ ಹೊದ್ದು ಹೆಡ್ಲಿ ನೋಡುತ್ತಿದ್ದ.

ಮಾರ್ಚ್‌ನಲ್ಲಿ ಪಾರ್ಶ್ವವಾಯು ಬಡಿದು ಅವನ ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಉಳಿದದ್ದು ಒಂದೇ ಪದ: "ಆಯ್ತು." ಚಹಾ ಬೇಕೆಂದರೂ ಆಯ್ತು, ಸಾಕೆಂದರೂ ಆಯ್ತು. ಸಿಟ್ಟು ಬಂದರೆ ಅದೇ ಆಯ್ತು ಸ್ವಲ್ಪ ಜೋರಾಗಿ. "ಮಾತು ಮಾತ್ರ ಹೋಗಿರೋದು. ಒಳಗೆ ಎಲ್ಲಾ ಇದ್ದಂಗೇ ಇದೆ" ಎಂದು ಮೇವಿಸ್ ಮಾಂಸದಂಗಡಿಯವನಿಗೆ, ಪಾದ್ರಿಗೆ, ಫೋನಿನಲ್ಲಿ ಮಗಳಿಗೆ ಹೇಳುತ್ತಲೇ ಬಂದಿದ್ದಳು.

ಬಾಡಿಗೆಗೆ ಹಿಡಿದಿದ್ದ ಈ ತೋಟ ತಿಂಗಳ ಕೊನೆಗೆ ಬೇರೆಯವರ ಪಾಲಾಗಲಿತ್ತು; ಇವರಿಬ್ಬರೂ ಒಂದು ಗಿಡದ ತೊಟ್ಟಿಗಷ್ಟೇ ಜಾಗವಿದ್ದ ಸಣ್ಣ ಮನೆಗೆ ಹೋಗುವವರಿದ್ದರು. ಬರುವವರಿಗೆ ಗೆಡ್ಡೆ ಇದ್ದ ಮೂಲೆಯಲ್ಲಿ ಸಾಮಾನಿನ ಶೆಡ್ಡು ಕಟ್ಟಬೇಕಿತ್ತು. ಗೆಡ್ಡೆ ಚಳಿಗೆ ನಿದ್ದೆ ಹೋಗಿರುವಾಗಲೇ ಅದನ್ನು ಅಗೆದು ಎಬ್ಬಬೇಕು. ವೇಕ್‌ಫೀಲ್ಡ್ ಊರಿನ ಕಡೆಯ ಕತ್ತಲೆ ಶೆಡ್ಡುಗಳಲ್ಲಿ, ಬೆಳಕು ತಾಗಿಸದೆ, ರೂಬಾರ್ಬ್ ಬೆಳೆಸುವ ಕೆಲಸದಲ್ಲಿದ್ದ ಹೆಡ್ಲಿಯ ಅಪ್ಪ ಇವರ ಮದುವೆಗೆಂದು ಕೊಟ್ಟ ಗೆಡ್ಡೆ ಅದು. ಐದಾರು ವರ್ಷಕ್ಕೊಮ್ಮೆ ಹೆಡ್ಲಿ ಅದನ್ನು ಸೀಳಿ ಸುತ್ತಲಿನ ಅರ್ಧದಷ್ಟು ತೋಟಗಳಿಗೆ ಹಂಚಿದ್ದ.

ಕೊನೆಗೆ ಸೆತ್ ಬೇಲಿ ದಾಟಿ ಬರಲೇಬೇಕಾಯಿತು. ಇಬ್ಬರೂ ಎರಡು ಕಡೆಯಿಂದ ಮೀಟಿದಾಗ, ಮಲಗಿದ ಕುರಿಯಷ್ಟು ದೊಡ್ಡ ಗೆಡ್ಡೆ ಬೇರು ಹರಿಯುವ ಸದ್ದಿನೊಂದಿಗೆ ಮೇಲೆದ್ದಿತು.

"ಇಲ್ಲಿ ಸೀಳ್ಲಾ?" ಮೇವಿಸ್ ಗಂಡನನ್ನು ಕೇಳಿದಳು.

"ಆಯ್ತು."

"ಇಲ್ಲಾ, ಈ ಕಡೆನಾ?"

"ಆಯ್ತು."

ಅವಳು ಅವನ ಕಣ್ಣು ನೋಡಿ ಅಂದಾಜು ಮಾಡಿ ಸಲಿಕೆ ಇಳಿಸಿದಳು. ಅಂಚಿನಿಂದ ಮೂರು ಒಳ್ಳೆಯ ತುಂಡು ಬಂದವು. ಒಂದೊಂದರ ಮೇಲೂ ಹೆಬ್ಬೆರಳ ತುದಿಯಷ್ಟು ಗುಲಾಬಿ ಮೊಗ್ಗುಗಳು. ನಡುವಿನದು ಮುದಿಯಾಗಿತ್ತು, ಮರಗಟ್ಟಿ, ಒಳಗೆ ಟೊಳ್ಳುಬಿದ್ದು, ಒಂದು ಮೊಗ್ಗೂ ಇಲ್ಲದೆ. ಸೆತ್ ಅದನ್ನು ಕಾಲಿನಿಂದ ಬದಿಗೆ ತಳ್ಳಿದ.

"ಹೊಸಮನೆ ತೊಟ್ಟಿಗೆ ಯಾವುದು, ಹೆಡ್ಲಿ? ನೀನೇ ಆರಿಸು" ಎಂದು ಅವಳು ಗೋಣಿಯ ಮೇಲೆ ಮೂರನ್ನೂ ಜೋಡಿಸಿ, ಕುರ್ಚಿಯನ್ನು ಹತ್ತಿರಕ್ಕೆ ತಳ್ಳಿದಳು.

ಅವನ ಎಡಗೈ ನಿಧಾನವಾಗಿ ಚಾಚಿತು. ಮೂರರ ಮೇಲೂ ಹಾದು, ಗೋಣಿ ದಾಟಿ, ನೆಲದಲ್ಲಿ ಬಿದ್ದಿದ್ದ ಮುದಿ ತುಂಡನ್ನು ಹಿಡಿಯಿತು.

ಸೆತ್ ಗಹಗಹಿಸಿ ನಕ್ಕ. "ಏಯ್ ಕಳ್ಳ, ತಮಾಷೆ ಸಾಕು! ಇದನ್ನ ಗೊಬ್ಬರಕ್ಕೆ ಎಸೀಬೇಕು ಅಂತ ನಂಗೆ ಕಲ್ಸಿದ್ದೇ ನೀನು. ಕತ್ತೆ ಅಂತ ಬೈದು ಬೈದು ಕಲ್ಸಿದ್ದು."

ಹೆಡ್ಲಿ ನಗಲಿಲ್ಲ. ತುಂಡನ್ನು ಮಡಿಲಿಗೇರಿಸಿಕೊಂಡು ಹೆಬ್ಬೆರಳಿನಿಂದ ಅದರ ಮಣ್ಣು ಒರೆಸತೊಡಗಿದ. ಮೇವಿಸ್ ಒಳ್ಳೆಯ ತುಂಡನ್ನು ಅವನ ಮುಖದ ಬಳಿಗೆ ಹಿಡಿದಳು.

"ಇಲ್ನೋಡು. ಇದರಲ್ಲಿ ಮೊಗ್ಗು ಎಲ್ಲಿದೆ, ತೋರ್ಸು. ಬೆರಳಿಟ್ಟು ತೋರ್ಸು ಸಾಕು."

ಅವನು ಮುಂಗೈಯಿಂದ ಅದನ್ನು ಸರಿಸಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಗೊಂದಲವೂ ಇರಲಿಲ್ಲ. ಮಾರ್ಚ್‌ನಿಂದ ಈಚೆಗೆ ಅವನು ಇಷ್ಟು ನೆಮ್ಮದಿಯಾಗಿದ್ದದ್ದನ್ನು ಅವಳು ನೋಡಿರಲಿಲ್ಲ. ಅವಳು ಒಳ್ಳೆಯ ತುಂಡನ್ನು ಮತ್ತೆ ಗೋಣಿಯ ಮೇಲಿಟ್ಟಳು.

ಸೆತ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅವ್ನಿಗೆ ಅವ್ನದೇ ಏನೋ ಯೋಚ್ನೆ ಇರುತ್ತೆ, ಬಿಡು."

"ಇರುತ್ತೆ" ಎಂದಳು ಮೇವಿಸ್.

ಸೆತ್ ಅವಳನ್ನು ಬೇಲಿಯತ್ತ ಕರೆದು ದನಿ ತಗ್ಗಿಸಿದ. "ಒಳ್ಳೇದೊಂದು ಚೀಲಕ್ಕೆ ಹಾಕಿ ಕೊಡ್ತೀನಿ. ಅವ್ನು ಮಲಗಿದಾಗ ತೊಟ್ಟಿಲಿ ಬದಲಾಯ್ಸು. ಆ ಮುದಿದು ಚಿಗುರೋದಲ್ಲ ಕಣೇ."

"ಗೊತ್ತು."

"ಮತ್ತೆ?"

"ಬದಲಾಯ್ಸಿದ್ದು ಗೊತ್ತಾದ್ರೆ ಅವ್ನು ನನ್ನ ಕ್ಷಮಿಸಲ್ಲ, ಸೆತ್." ಅವಳು ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡಳು. "ಗೊತ್ತಾಗ್ಲಿಲ್ಲ ಅಂದ್ರೆ, ಒಳಗೆ ಎಲ್ಲಾ ಇದ್ದಂಗೇ ಇದೆ ಅಂತ ಊರಿಗೆಲ್ಲಾ ಹೇಳ್ಕೊಂಡು ಬಂದಿದ್ದೀನಲ್ಲ..."

ಸೆತ್ ಮೂರೂ ತುಂಡುಗಳನ್ನು ಎತ್ತಿಕೊಂಡು ಬೇಲಿ ದಾಟಿ ಹೋದ.

ಮನೆಗೆ ಬಂದು ಅಡುಗೆಮನೆಯಲ್ಲಿ ಮೇವಿಸ್ ಹೆಡ್ಲಿಯ ಕೋಟಿನ ತೋಳು ಮಡಚಿದಳು. ಮುದಿ ತುಂಡು ಹಿಡಿದಿದ್ದ ಮುಷ್ಟಿ ಬಿಡಿಸಲು ಒಂದೊಂದೇ ಬೆರಳನ್ನು ಎತ್ತಿ ನೋಡಿದಳು. ಬೆರಳುಗಳು ಮತ್ತೆ ಮುಚ್ಚಿಕೊಂಡವು. ಬೋಗುಣಿಗೆ ಬೆಚ್ಚನೆಯ ನೀರು ತುಂಬಿ ಅವನ ಮಡಿಲಲ್ಲಿಟ್ಟು, ಗೆಡ್ಡೆಯನ್ನು ಹಿಡಿದಿದ್ದ ಹಾಗೇ ಆ ಕೈಯನ್ನು ಮುಳುಗಿಸಿದಳು. ಗೆಣ್ಣುಗಳ ನಡುವೆ, ಉಗುರಿನ ಸಂದಿಯಲ್ಲಿ ಮೆಲ್ಲಗೆ ತಿಕ್ಕಿದಳು. ನೀರು ಮೊದಲು ಕಂದಾಯಿತು. ಆಮೇಲೆ, ಸಲಿಕೆ ಸೀಳಿದ ಕಡೆಯಿಂದ ಅರಿಶಿನದಂಥ ಹಳದಿ ಎಳೆ ಎಳೆಯಾಗಿ ಬಿಡತೊಡಗಿ, ಅವನ ಬೆರಳಿಗೂ ಅವಳ ಬೆರಳಿಗೂ ಹತ್ತಿತು.